ಎರಡು ಬೆಡಗಿನ ಹೇಮಾವತಿ

ತಾಳ್ಯದ ಓಬಣ್ಣನ ಮಗಳು ಹೇಮಾವತಿಗೆ ಮಾತು ಬಂದ ದಿನದಿಂದ ಒಂದು ಚಟ ಅಂಟಿಕೊಂಡಿತ್ತು. ಯಾರು ಏನೇ ಹೇಳಲಿ, ಅದರ ಬಾಲ ಹಿಡಿದು ‘ಹಂಗಾಗದಿದ್ರೆ?’ ಎಂದು ಕೇಳಿಬಿಡುವುದು. ಅವ್ವ ರೇಣುಕಮ್ಮ ಹಾಲು ಉಕ್ಕಿದರೆ ಇಳಿಸು ಎಂದು ಹೇಳಿ ಹಿತ್ತಲಿಗೆ ಹೋದರೆ, ಇವಳು ಒಲೆಯ ಮುಂದಿನಿಂದಲೇ ಕೂಗಿ ಉಕ್ಕದಿದ್ದರೆ ಎಷ್ಟು ಹೊತ್ತು ಕಾಯಬೇಕು ಎಂದು ಕೇಳುತ್ತಿದ್ದಳು. ಮೇಷ್ಟ್ರು ನಾಳೆ ಮಳೆ ಬಂದರೆ ಶಾಲೆ ಇಲ್ಲ ಎಂದರೆ, ಪ್ರಾರ್ಥನೆ ಮುಗಿದ ಮೇಲೆ ಬಂದರೆ ಏನು ಎಂದು ಎದ್ದು ನಿಲ್ಲುತ್ತಿದ್ದಳು. ಅಪ್ಪ ಓಬಣ್ಣ ಕುರಿ ಕಾಯುವವನು, ಮಾತು ಕಡಿಮೆ. ಮಗಳು ವಕೀಲೆಯಾಗುತ್ತಾಳೆ, ಇಲ್ಲದಿದ್ದರೆ ಅತ್ತೆಯ ಕೈಲಿ ದಿನಾ ಬೈಸಿಕೊಳ್ಳುತ್ತಾಳೆ ಎಂದು ಅವನ ಲೆಕ್ಕಾಚಾರ.

ಎರಡೂ ಆಗಲಿಲ್ಲ. ಪಿಯುಸಿ ಮುಗಿದ ಮೇಲೆ ಹೇಮಾವತಿ ದಿನಾ ಬಸ್ಸು ಹತ್ತಿ ಹೊಳಲ್ಕೆರೆಯ ಟೈಪಿಂಗ್ ಕ್ಲಾಸಿಗೆ ಹೋದಳು. ತೊಂಬತ್ತರ ದಶಕದ ಕೊನೆಯ ವರ್ಷಗಳು. ಅವಳು ಕನ್ನಡ ಸೀನಿಯರ್ ಪಾಸು ಮಾಡುವ ಹೊತ್ತಿಗೆ ಸರಿಯಾಗಿ ಟೈಪ್‌ರೈಟರ್ ಎಂಬ ಯಂತ್ರವೇ ನಿವೃತ್ತಿಯಾಯಿತು. ಅದೇ ಕ್ಲಾಸಿನವರು ಯಂತ್ರಗಳನ್ನು ಗುಜರಿಗೆ ಹಾಕಿ ಕಂಪ್ಯೂಟರ್ ತಂದರು. ವಿದ್ಯಾರ್ಥಿನಿಯಾಗಿ ಹೋದವಳು ಅಲ್ಲೇ ಕೆಲಸಕ್ಕೆ ಕೂತಳು. ತಾಲೂಕಿನ ಅರ್ಧ ಲಗ್ನಪತ್ರಿಕೆಗಳು ಅವಳ ಬೆರಳಿನ ಕೆಳಗೆ ಹಾದುಹೋದವು. ಊರವರ ಮದುವೆಯನ್ನೆಲ್ಲ ಒತ್ತಿದೆಯಲ್ಲ, ನಿನ್ನದು ಯಾವಾಗ ಎಂದು ಕೇಳಿದವರಿಗೆ, ಕಾಗುಣಿತ ತಪ್ಪಿಲ್ಲದ ಗಂಡು ಸಿಕ್ಕಾಗ ಎನ್ನುತ್ತಿದ್ದಳು. ಹೀಗೆ ಹೇಳುತ್ತಾ ಹೇಳುತ್ತಾ ಮೂವತ್ತಕ್ಕೆ ಬಂದಳು. ಅದರ ಬಗ್ಗೆ ಅವಳಿಗಿಂತ ಅವಳ ಸೋದರತ್ತೆಯರಿಗೆ ಹೆಚ್ಚು ನಿದ್ದೆಗೇಡು.

ಈ ನಡುವೆ, ಎರಡು ಸಾವಿರದ ಎಂಟರ ಸುಮಾರಿಗೆ, ಕುರಿ ಸಾಕುವ ಮನೆತನಗಳವರ ಸಂಘಕ್ಕೆ ಅಜ್ಜಪ್ಪ ಎಂಬವರು ಅಧ್ಯಕ್ಷರಾದರು. ಬಿಳಿ ಪಂಚೆ, ಹೆಗಲ ಮೇಲೆ ಕಂಬಳಿ, ಜೇಬಿನಲ್ಲಿ ಎರಡು ಮೊಬೈಲು. ಅವರಿಗೊಂದು ಚಿಂತೆ ಹತ್ತಿತ್ತು: ಈಗಿನ ಹುಡುಗರಿಗೆ ಬೆಡಗೇ ಗೊತ್ತಿಲ್ಲ. ಬೆಡಗು ಎಂದರೆ ಒಂದೇ ಬೇರಿನವರೆಂದು ನಂಬಿಕೊಂಡು ಬಂದ ಮನೆಗಳ ಗುಂಪು. ಜೀರಿಗೆ ಬೆಡಗಿನವರೆಲ್ಲ ತಮ್ಮ ತಮ್ಮಲ್ಲಿ ಅಣ್ಣತಮ್ಮಂದಿರು, ಮೆಣಸು ಬೆಡಗಿನವರೂ ಹಾಗೆಯೇ. ಒಂದೇ ಬೆಡಗಿನಲ್ಲಿ ಹೆಣ್ಣು ಕೊಡುವುದಿಲ್ಲ, ತರುವುದಿಲ್ಲ. ಹಿಂದಿನವರು ಇದನ್ನು ಬಾಯಲ್ಲೇ ಇಟ್ಟುಕೊಂಡಿದ್ದರು. ಅವರು ಒಬ್ಬೊಬ್ಬರೇ ಹೋಗುತ್ತಿದ್ದ ಹಾಗೆ ಅವರ ಜೊತೆ ಅದೂ ಹೋಗುತ್ತಿತ್ತು. ಇದನ್ನೆಲ್ಲ ಕಂಪ್ಯೂಟರಿಗೆ ಹಾಕಿಸಿಬಿಡಬೇಕು ಎಂದು ಅಜ್ಜಪ್ಪನವರು ಪಣ ತೊಟ್ಟರು.

ದೇವರು ಕೊಟ್ಟ ಹಾಗೆ ಅವರಿಗೆ ಚಿತ್ರದುರ್ಗದ ಕಾಲೇಜೊಂದರ ಲಕ್ಷ್ಮೀಕಾಂತ್ ಮೇಷ್ಟ್ರು ಸಿಕ್ಕರು. ಮೇಷ್ಟ್ರು ಏನೋ ಹೊಸ ವಿದ್ಯೆಯಲ್ಲಿ ಸಂಶೋಧನೆ ಮಾಡುತ್ತಿದ್ದರು. ಅಂತರ್ಜಾಲದಲ್ಲಿರುವ ಮಾಹಿತಿಯನ್ನು ಯಂತ್ರ ಸುಮ್ಮನೆ ತೋರಿಸಿದರೆ ಸಾಲದು, ಅದರ ಅರ್ಥವನ್ನೂ ತಿಳಿದುಕೊಳ್ಳಬೇಕು ಎನ್ನುವ ವಿದ್ಯೆ ಅದು. ಸಂಘಕ್ಕೆ ಬೆಡಗು ಬೇಕಿತ್ತು, ಮೇಷ್ಟ್ರಿಗೆ ಪ್ರಯೋಗಕ್ಕೆ ನಿಜವಾದ ಜನ ಬೇಕಿದ್ದರು. ಇಬ್ಬರ ನಡುವೆ ಕೆಲಸ ಮಾಡಲು ಹೇಮಾವತಿ ಬಂದಳು.

ಮೇಷ್ಟ್ರು ಅವಳಿಗೆ ಕಲಿಸಿದ್ದು ಇಷ್ಟು. ಪ್ರತಿಯೊಂದು ಸಂಗತಿಯನ್ನೂ ಮೂರೇ ತುಂಡಾಗಿ ಬರೆಯಬೇಕು: ಯಾರು, ಏನಾಗಬೇಕು, ಯಾರಿಗೆ. ರೇಣುಕಮ್ಮ, ಹೆಂಡತಿ, ಓಬಣ್ಣ. ಹೇಮಾವತಿ, ಮಗಳು, ರೇಣುಕಮ್ಮ. ಹೀಗೆ ಸಾವಿರಾರು ತುಂಡುಗಳನ್ನು ಹಾಕಿ, ಅವುಗಳ ಮೇಲೆ ‘ಹೀಗಿದ್ದರೆ ಹಾಗೆ’ ಎಂಬ ನಿಯಮಗಳನ್ನು ಬರೆದರೆ, ನಾವು ಹೇಳದೇ ಇದ್ದದ್ದನ್ನೂ ಯಂತ್ರ ತಾನೇ ಊಹಿಸಿ ಹೇಳುತ್ತದೆ, ಹಾಕಿದ್ದರಲ್ಲಿ ತಪ್ಪಿದ್ದರೆ ಹಿಡಿದು ತೋರಿಸುತ್ತದೆ. ಹೇಮಾವತಿಗೆ ಇದನ್ನು ಕೇಳಿ ಮೈ ಜುಮ್ಮೆಂದಿತು. ಹುಟ್ಟಿದಾಗಿನಿಂದ ತಾನು ಮಾಡಿಕೊಂಡು ಬಂದ ತಂಟೆಗೆ ಇಷ್ಟು ಗೌರವದ ಹೆಸರು ಇರುತ್ತದೆಂದು ಅವಳಿಗೆ ತಿಳಿದಿರಲಿಲ್ಲ.

ಅವಳು ಬರೆದ ಮೊದಲ ನಿಯಮಗಳು ಬಹಳ ಸರಳವಾಗಿದ್ದವು. ಮದುವೆಯಾದರೆ ಹೆಂಗಸಿಗೆ ಗಂಡನ ಬೆಡಗು. ಹೆತ್ತವರ ಬೆಡಗು ಯಾವುದೋ ಮಗುವಿಗೂ ಅದೇ. ಇಬ್ಬರದು ಒಂದೇ ಬೆಡಗಾದರೆ ಅವರು ಒಡಹುಟ್ಟಿದವರ ಲೆಕ್ಕ, ಮದುವೆಗೆ ಅಡ್ಡಿ. ಮೂರನ್ನೂ ಅಜ್ಜಪ್ಪನವರಿಗೆ ಓದಿ ಹೇಳಿದಳು. ಅವರು ತಲೆದೂಗಿ, ನಮ್ಮ ಹಿರೀಕರು ಕೂಡ ಇಷ್ಟು ಚೊಕ್ಕವಾಗಿ ಹೇಳಿರಲಿಲ್ಲ ಎಂದರು. ಸಂಘದ ಕೋಣೆಯಲ್ಲಿ ನಾಲ್ಕು ಜನರ ಎದುರು ಗುಂಡಿ ಒತ್ತಿದ್ದಾಯಿತು.

ಯಂತ್ರ ಊರೂರನ್ನೇ ಹಿಡಿದು ತಪ್ಪು ಎಂದಿತು. ಮದುವೆಯಾದ ಹೆಂಗಸಿಗೆ ಗಂಡನ ಬೆಡಗು ಬಂತು; ಇಬ್ಬರದೂ ಒಂದೇ ಬೆಡಗಾಯಿತು; ಒಂದೇ ಬೆಡಗಾದ ಮೇಲೆ ಅಣ್ಣತಂಗಿ. ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಅಜ್ಜಪ್ಪನವರೂ ಅವರ ಹೆಂಡತಿ ಬಸಮ್ಮನೂ ಇದ್ದರು. ಚಹಾ ಹಿಡಿದು ಬಂದ ಬಸಮ್ಮ ವಿಷಯ ತಿಳಿದು, ಈ ಮಾತನ್ನು ನನ್ನ ಮದುವೆಯ ದಿನ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಲೋಟ ಕೆಳಗಿಟ್ಟು ನಕ್ಕರು. ಅಜ್ಜಪ್ಪನವರಿಗೆ ಮಾತ್ರ ನಗು ಬರಲಿಲ್ಲ.

ಹೇಮಾವತಿ ಎರಡು ಷರತ್ತು ಸೇರಿಸಿದಳು. ಈಗಾಗಲೇ ಗಂಡಹೆಂಡಿರಾದವರನ್ನು ಪರೀಕ್ಷಿಸಬಾರದು. ಮದುವೆಯಾದವಳ ತವರಿನ ಬೆಡಗನ್ನು ಲೆಕ್ಕಕ್ಕೆ ಹಿಡಿಯಬಾರದು. ಮತ್ತೆ ಓಡಿಸಿದಾಗ ಎಲ್ಲ ಸಂಸಾರಗಳೂ ಸರಿಹೋದವು. ಗೊತ್ತಿದ್ದ ಕೆಲವು ಮನೆಗಳನ್ನು ತೆಗೆದು ನೋಡಿದಳು, ಅವೂ ಸರಿಯಾಗಿದ್ದವು. ಹಂಗಾಗದಿದ್ದರೆ ಎಂದು ಊರನ್ನೆಲ್ಲ ಕೇಳಿದವಳು, ತನ್ನ ನಿಯಮಕ್ಕೆ ಮಾತ್ರ ಅದನ್ನು ಕೇಳುವುದನ್ನು ಅಂದು ಮರೆತಳು. ಮೆಚ್ಚುಗೆಯ ಮಾತು ಕಿವಿಗೆ ಬಿದ್ದಾಗ ಎಂಥ ಜಾಣರಿಗೂ ಹೀಗಾಗುತ್ತದೆ.

ಅಜ್ಜಪ್ಪನವರು ಸಭೆ ಕರೆದು ಘೋಷಿಸಿಬಿಟ್ಟರು: ಇನ್ನು ಮುಂದೆ ಸಂಘದ ಕಂಪ್ಯೂಟರಿನ ಚೀಟಿ ಇಲ್ಲದೆ ಯಾರೂ ವೀಳ್ಯ ಬದಲಿಸಿ ಮದುವೆ ಗೊತ್ತುಮಾಡಬಾರದು. ಮನುಷ್ಯ ಮರೆಯುತ್ತಾನೆ, ಮುಲಾಜಿಗೆ ಬೀಳುತ್ತಾನೆ, ಯಂತ್ರಕ್ಕೆ ಎರಡೂ ಇಲ್ಲ ಎಂದರು. ಹಿರಿಯೂರಿನಿಂದ, ಭರಮಸಾಗರದಿಂದ, ಹೊಸದುರ್ಗದಿಂದ ಜನ ಚೀಟಿಗೆ ಬರತೊಡಗಿದರು. ‘ಅಡ್ಡಿ ಇಲ್ಲ’ ಎಂದು ಬಂದ ಚೀಟಿಗೆ ಕೆಲವರು ಅರಿಶಿನ ಕುಂಕುಮ ಹಚ್ಚಿ ದೇವರ ಮುಂದಿಟ್ಟರು. ‘ಅಡ್ಡಿ’ ಎಂದು ಬಂದವರು ಮಡಚಿ ಜೇಬಿಗಿಟ್ಟುಕೊಂಡು ಬಸ್ಸು ಹತ್ತಿದರು.

ಹೊಸದುರ್ಗದ ಕಡೆಯ ದುರುಗೇಶನದು ಬೇರೆಯೇ ಕಥೆ. ಅವನು ಪಶು ಆಸ್ಪತ್ರೆಯಲ್ಲಿ ಸಹಾಯಕ, ಕುರಿಗಳಿಗೆ ಸೂಜಿ ಹಾಕುವವನು. ಅವನ ಮನೆಯ ವಿವರದಲ್ಲಿ ವಾರಕ್ಕೊಂದು ತಪ್ಪು ಸಿಗುತ್ತಿತ್ತು. ಒಂದು ವಾರ ‘ದುರ್ಗೇಶ’ ಎಂದಾಗಿದೆ, ದುರುಗೇಶ ಆಗಬೇಕು ಎಂದು ಬಂದ. ಮುಂದಿನ ವಾರ ಚಿಕ್ಕಪ್ಪನ ಹೆಸರಿಗೆ ದೀರ್ಘ ಬಿಟ್ಟಿದೆ ಎಂದು ಬಂದ. ಅದರ ಮುಂದಿನ ವಾರ ಏನೂ ಸಿಗದೆ, ಎಲ್ಲ ಸರಿ ಇದೆಯಾ ಎಂದು ಕೇಳಿಕೊಂಡು ಹೋಗಲು ಬಂದೆ ಎಂದ. ಹೊಸದುರ್ಗದಿಂದ ಹೊಳಲ್ಕೆರೆಗೆ ದೀರ್ಘ ಹಾಕಿಸಲು ಬರುವ ಗಂಡಸಿನ ಒಳಗುಟ್ಟು ತಿಳಿಯದಷ್ಟು ಹೇಮಾವತಿ ದಡ್ಡಿಯಲ್ಲ. ನಿಮ್ಮ ಮನೆಯವರನ್ನು ತಾಳ್ಯಕ್ಕೆ ಕಳಿಸಿರಿ, ಅಲ್ಲಿಯ ಕಾಗುಣಿತವನ್ನೂ ನೋಡಿಬಿಡಲಿ ಎಂದಳು.

ಅವನನ್ನು ಸಾಕಿದವಳು ಅಜ್ಜಿ ಗಂಗಕ್ಕ. ಸಣ್ಣ ದೇಹ, ದೊಡ್ಡ ಗಂಟಲು. ಅವಳು ಹೂಂ ಅನ್ನದೆ ಆ ಮನೆಯಲ್ಲಿ ಒಲೆ ಹತ್ತುವುದಿಲ್ಲ. ಗಂಗಕ್ಕ ತಾಳ್ಯಕ್ಕೆ ಬಂದು, ಮುದ್ದೆ ಉಂಡು, ಹೇಮಾವತಿಯ ತಂಟೆ ಮಾತಿಗೆ ಅಷ್ಟೇ ತಂಟೆಯ ಉತ್ತರ ಕೊಟ್ಟು, ನಮ್ಮ ಮನೆಗೆ ಇಂಥವಳೇ ಬೇಕು, ನನಗೂ ಜಗಳಕ್ಕೆ ಜೊತೆ ಬೇಕು ಎಂದಳು. ಓಬಣ್ಣನದು ಮೆಣಸು ಬೆಡಗು, ದುರುಗೇಶನದು ಜೀರಿಗೆ. ಯಾವ ತೊಡಕೂ ಇರಲಿಲ್ಲ. ಚೀಟಿ ಎನ್ನುವುದು ಬರೀ ಶಾಸ್ತ್ರ.

ಆ ಶಾಸ್ತ್ರವನ್ನು ಅಜ್ಜಪ್ಪನವರೇ ಮುಂದೆ ನಿಂತು ಮಾಡಿದರು. ಗಂಗಕ್ಕ, ದುರುಗೇಶ, ಓಬಣ್ಣ, ರೇಣುಕಮ್ಮ ಎಲ್ಲರೂ ಕುರ್ಚಿ ಹಾಕಿಕೊಂಡು ಕೂತಿದ್ದರು. ಪ್ರಿಂಟರು ಗೊರಗೊರ ಎಂದು ಕಾಗದ ಹೊರಗೆ ಬಿಟ್ಟಿತು. ಅಜ್ಜಪ್ಪನವರು ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದರು: ಹೇಮಾವತಿ, ಬೆಡಗು ಮೆಣಸು, ಜೀರಿಗೆ. ದುರುಗೇಶ, ಬೆಡಗು ಜೀರಿಗೆ. ಸಂಬಂಧ ಒಡಹುಟ್ಟು. ಮದುವೆಗೆ ಅಡ್ಡಿ.

ಮೊದಲು ನಕ್ಕವನು ದುರುಗೇಶ. ಆಮೇಲೆ ಯಾರೂ ನಗುತ್ತಿಲ್ಲ ಎಂದು ನೋಡಿ ಸುಮ್ಮನಾದ. ಒಬ್ಬಳಿಗೆ ಎರಡು ಬೆಡಗು ಹೇಗೆ ಬಂತು? ಒಬ್ಬ ಅಪ್ಪನ ಮಗಳಿಗೆ ಒಂದೇ ಬೆಡಗು. ಎರಡು ಬಂತು ಎಂದರೆ ಏನೆಂದು ಬಾಯಿ ಬಿಟ್ಟು ಹೇಳುವ ಅಗತ್ಯವಿರಲಿಲ್ಲ. ಬಾಗಿಲಲ್ಲಿ ಚೀಟಿಗೆ ಕಾಯುತ್ತಿದ್ದ ಯಾರೋ ಇಬ್ಬರು ಮುಖ ಮುಖ ನೋಡಿಕೊಂಡರು. ರೇಣುಕಮ್ಮ ಸೆರಗು ಸರಿಮಾಡಿಕೊಂಡು ಎದ್ದು ಹೊರಗೆ ಹೋದಳು. ಹೇಮಾವತಿಗೆ ಮದುವೆ ನಿಂತದ್ದಕ್ಕಿಂತ ಅವ್ವ ಹಾಗೆ ಎದ್ದು ಹೋದದ್ದು ಹೆಚ್ಚು ಚುಚ್ಚಿತು.

ಅಜ್ಜಪ್ಪನವರು ಕೆಟ್ಟವರಲ್ಲ. ಆದರೆ ಯಂತ್ರಕ್ಕೆ ಮುಲಾಜಿಲ್ಲ ಎಂದು ಮೈಕಿನಲ್ಲಿ ಕೂಗಿದ್ದರು. ಈಗ ತಮ್ಮ ಕಚೇರಿಯ ಹುಡುಗಿಗೇ ವಿನಾಯಿತಿ ಕೊಟ್ಟರೆ ಜನ ಏನೆಂದಾರು? ಚೀಟಿ ಸರಿಬರುವವರೆಗೆ ವೀಳ್ಯ ಬೇಡ ಎಂದುಬಿಟ್ಟರು. ಹೇಮಾವತಿಯ ಪಾಡು ಇನ್ನೂ ಬಿಗಿ. ನಿಯಮ ಬರೆದವಳು ಅವಳೇ. ಮುಟ್ಟದಿದ್ದರೆ ಮದುವೆಯೂ ಇಲ್ಲ, ಅವ್ವನ ಮೇಲಿನ ಗುಸುಗುಸುವಿಗೆ ಕೊನೆಯೂ ಇಲ್ಲ. ಮುಟ್ಟಿದರೆ, ತನಗೆ ಬೇಕಾದ ಹಾಗೆ ತಿದ್ದಿಕೊಂಡಳು ಎನ್ನುವ ಮಾತು ಸಾಯುವವರೆಗೂ ಹೋಗುವುದಿಲ್ಲ.

ಮರುದಿನ ಬೆಳಿಗ್ಗೆ ಕೋಣೆಯ ಬಾಗಿಲು ಹಾಕಿಕೊಂಡು ಕೂತಳು. ಮೊದಲು ಅನುಮಾನ ಬಂದದ್ದು ಟೈಪಿಂಗಿನ ಮೇಲೆ. ಹೊಸದುರ್ಗದ ಯಾರೋ ಇನ್ನೊಬ್ಬ ಹೇಮಾವತಿ ತನ್ನ ಜೊತೆ ಕಲಸಿಹೋಗಿರಬೇಕು. ಹುಡುಕಿದಳು, ಇರಲಿಲ್ಲ. ನಿಯಮಗಳ ಸರದಿ ತಪ್ಪಿರಬೇಕೆಂದು ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಹಾಕಿ ಓಡಿಸಿದಳು. ಯಂತ್ರ ಜಪ ಮಾಡುವವರ ಹಾಗೆ ಮೆಣಸು, ಜೀರಿಗೆ ಎಂದೇ ಹೇಳಿತು. ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು. ಚಿತ್ರದುರ್ಗಕ್ಕೆ ಫೋನು ಮಾಡಿದಳು. ಲಕ್ಷ್ಮೀಕಾಂತ್ ಮೇಷ್ಟ್ರು ಎಲ್ಲ ಕೇಳಿ, ಏನಾಗಿದೆ ಎಂದು ಎಷ್ಟು ಸಲ ಕೇಳಿದರೂ ಅದು ಅದನ್ನೇ ಹೇಳುತ್ತದಮ್ಮ, ಏಕೆ ಎಂದು ಕೇಳು ಎಂದರು.

ಹಾಗೆ ಕೇಳಲು ಒಂದು ದಾರಿ ಇತ್ತು. ಅವಳು ಅದನ್ನು ಬಳಸಿಯೇ ಇರಲಿಲ್ಲ. ಒಂದು ಊಹೆ ಯಾವ ನಿಯಮದಿಂದ ಬಂತು, ಆ ನಿಯಮಕ್ಕೆ ಆಧಾರ ಯಾವ ತುಂಡು ಎಂದು ಹಿಂದೆ ಹಿಂದೆ ಹೋಗಬಹುದಿತ್ತು. ಹೇಮಾವತಿ ಜೀರಿಗೆ, ಏಕೆ? ಅವಳ ತಾಯಿ ಜೀರಿಗೆ. ತಾಯಿ ರೇಣುಕಮ್ಮ ಜೀರಿಗೆ, ಏಕೆ? ಅವಳ ಗಂಡ ಜೀರಿಗೆ. ಗಂಡ ಯಾರು? ಗೊಲ್ಲಪ್ಪ, ಭರಮಸಾಗರ, ತೀರಿಕೊಂಡಿದ್ದಾರೆ.

ಹೇಮಾವತಿ ಆ ಹೆಸರನ್ನು ನೋಡುತ್ತಾ ಕೂತಳು. ಅವ್ವನಿಗೆ ಮೊದಲು ಒಂದು ಮದುವೆಯಾಗಿತ್ತು, ಆತ ತೀರಿಕೊಂಡ ಎಷ್ಟೋ ಕಾಲದ ಮೇಲೆ ಅಪ್ಪ ಕೂಡಿಕೆ ಮಾಡಿಕೊಂಡ ಎಂದು ಅವಳಿಗೆ ಗೊತ್ತಿತ್ತು. ಗಂಡ ಸತ್ತವಳು ಇನ್ನೊಬ್ಬನ ಮನೆ ತುಂಬುವುದಕ್ಕೆ ಅವರಲ್ಲಿ ಕೂಡಿಕೆ ಎನ್ನುತ್ತಾರೆ. ಅದೇನೂ ತಪ್ಪಲ್ಲ, ಗುಟ್ಟೂ ಅಲ್ಲ, ಓಲಗ ಊದಿಸುವುದಿಲ್ಲ ಅಷ್ಟೆ. ಆದರೆ ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಭರಮಸಾಗರದವರು ತಮ್ಮ ಮನೆಯ ವಿವರ ಬರೆಸುವಾಗ ಸತ್ತ ಮಗನನ್ನೂ ಅವನ ಹೆಂಡತಿಯನ್ನೂ ಬಿಡದೆ ಬರೆಸಿದ್ದರು. ಅದೇ ಹೆಸರು, ಅದೇ ತವರೂರು, ಅದೇ ತಂದೆ ಎಂದು ನೋಡಿ ಯಂತ್ರ ಇಬ್ಬರು ರೇಣುಕಮ್ಮಂದಿರನ್ನು ಒಬ್ಬಳೇ ಎಂದು ಸರಿಯಾಗಿಯೇ ಜೋಡಿಸಿತ್ತು.

ತಪ್ಪು ಎಲ್ಲಿದೆ ಎಂದು ಆಗ ತಿಳಿಯಿತು. ಈ ಯಂತ್ರದ ಊಹೆ ಸೇರಿಸುತ್ತಾ ಹೋಗುತ್ತದೆ, ತಾನಾಗಿ ಯಾವುದನ್ನೂ ಕಳೆಯುವುದಿಲ್ಲ. ಮದುವೆಯಾದರೆ ಗಂಡನ ಬೆಡಗು ಎಂದಳು; ಎರಡು ಮದುವೆಗೆ ಎರಡು ಬೆಡಗು ಬಂತು. ಹೆತ್ತವರ ಬೆಡಗು ಮಗುವಿಗೆ ಎಂದಳು; ಅವ್ವನ ಎರಡೂ ಬೆಡಗು ಮಗಳ ಕೊರಳಿಗೆ ಬಿತ್ತು. ಮಗುವಿನ ಬೆಡಗು ಅಪ್ಪನದು ಎಂದು ಬರೆಯಬೇಕಾದಲ್ಲಿ, ಮದುವೆಯಾದ ಮೇಲೆ ಇಬ್ಬರದೂ ಒಂದೇ ತಾನೆ ಎಂದು ಹೆತ್ತವರು ಅಂದುಬಿಟ್ಟಿದ್ದಳು. ಊರಿಗೆಲ್ಲ ನಿಯಮ ಬರೆಯುವಾಗ ಅವಳಿಗೆ ತನ್ನ ಅವ್ವನೇ ನೆನಪಾಗಿರಲಿಲ್ಲ.

ಅಜ್ಜಪ್ಪನವರು ಇಣುಕಿದರು. ಹೇಮಾವತಿ ತೋರಿಸಿದಳು. ಅವರು ಪರದೆಯ ಮೇಲಿನ ಆ ಒಂದು ಸಾಲನ್ನು ನೋಡಿದರು, ಬಾಗಿಲನ್ನು ನೋಡಿದರು, ಧ್ವನಿ ತಗ್ಗಿಸಿದರು. ಇಷ್ಟೇ ತಾನೆ, ಭರಮಸಾಗರದ ಆ ಸಾಲೊಂದನ್ನು ಅಳಿಸಿಬಿಡು, ನಿಯಮ ಮುಟ್ಟಿದೆ ಎಂಬ ಮಾತೂ ಬರುವುದಿಲ್ಲ, ಚೀಟಿ ತಾನೇ ಸರಿಹೋಗುತ್ತದೆ ಎಂದರು. ಅವರ ಮಾತು ನಿಜ. ಒಂದು ಗುಂಡಿ ಒತ್ತಿದರೆ ಮುಗಿಯಿತು. ಹೇಮಾವತಿಯ ಬೆರಳು ಅಲ್ಲಿಯವರೆಗೂ ಹೋಯಿತು ಎನ್ನುವುದನ್ನು ಮುಚ್ಚಿಡುವುದೇಕೆ? ಮೂವತ್ತು ವರ್ಷಕ್ಕೆ ಮೆಚ್ಚಿದ ಗಂಡು ಸಿಕ್ಕಿದ್ದಾನೆ, ಬೆರಳು ಹೋಗದಿದ್ದರೆ ಅವಳು ಕಲ್ಲು. ಆದರೆ ಅವ್ವನನ್ನು ಕೇಳದೆ ಅವ್ವನ ಬಾಳಿನ ಒಂದು ತುಂಡನ್ನು ಕಿತ್ತುಹಾಕಲು ಕೈ ಬರಲಿಲ್ಲ. ಕಂಪ್ಯೂಟರ್ ಆರಿಸಿ ತಾಳ್ಯದ ಬಸ್ಸು ಹತ್ತಿದಳು.

ರೇಣುಕಮ್ಮ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಮಗಳು ಪಕ್ಕದಲ್ಲಿ ಕೂತು, ತಾನೂ ನಾಲ್ಕು ಕಾಯಿ ಸುಲಿದು, ಆದದ್ದನ್ನು ಹೇಳಿದಳು. ಗೊಲ್ಲಪ್ಪನ ಹೆಸರು ಬಂದಾಗ ಅವ್ವನ ಕೈ ಸ್ವಲ್ಪ ನಿಂತಿತು. ಆ ಸಾಲು ಅಳಿಸಿದರೆ ಎಲ್ಲ ಸರಿಹೋಗುತ್ತದಂತೆ, ಅಳಿಸಲೇ ಎಂದು ಹೇಮಾವತಿ ಕೇಳಿದಳು.

“ಅಳಿಸಬ್ಯಾಡ ಕಣವ್ವ,” ಎಂದಳು ರೇಣುಕಮ್ಮ. “ಆಯಪ್ಪ ನನ್ನ ಒಂದಿನ ಗದರಲಿಲ್ಲ. ಆ ಮನೆ ಮುದ್ದೆ ಉಂಡೀನಿ, ಆ ಮನೆ ದೀಪ ಹಚ್ಚೀನಿ. ನಿನ್ನ ಮದ್ವೆಗೆ ಅಡ್ಡ ಬರ್ತಾನೆ ಅಂತ ಅವ ಇರ್ಲೇ ಇಲ್ಲ ಅನ್ನಾಕಾಗ್ತದಾ? ನಿನ್ನ ಮಿಶನ್ನಿಗೆ ತಿಳುವಳಿಕೆ ಸಾಲದಿದ್ರೆ ಅದಕ್ಕೆ ಕಲಿಸು.”

ಅಪ್ಪ ಓಬಣ್ಣ ಕಟ್ಟೆಯ ಮೇಲೆ ಕೂತು ಕಂಬಳಿಯ ಅಂಚು ಹೊಲಿಯುತ್ತಿದ್ದ. ಗೊಲ್ಲಪ್ಪ ತನಗೂ ಸ್ನೇಹಿತ, ಇಬ್ಬರೂ ಒಟ್ಟಿಗೆ ಕುರಿ ಹೊಡೆದುಕೊಂಡು ಸಂತೆಗೆ ಹೋಗುತ್ತಿದ್ದೆವು, ಅವನ ಹೆಸರು ಇದ್ದರೆ ತನಗೇನೂ ಭಾರವಿಲ್ಲ ಎಂದು, ತಲೆ ಎತ್ತದೆ, ಅವನ ಲೆಕ್ಕಕ್ಕೆ ಬಹಳವೇ ಎನ್ನುವಷ್ಟು ಮಾತಾಡಿದ. ಹೇಮಾವತಿ ಅವರೆಕಾಯಿ ಸಿಪ್ಪೆಯನ್ನು ಕುರಿಯ ಮುಂದೆ ಸುರಿದು ಒಳಗೆ ಹೋಗಿ ಒಂದು ಸಲ ಚೆನ್ನಾಗಿ ಅತ್ತಳು. ಆಮೇಲೆ ಹಗುರಾಯಿತು.

ಕಚೇರಿಗೆ ಹೋಗಿ ನಿಯಮ ತಿದ್ದಿದಳು: ಮಗುವಿಗೆ ಅಪ್ಪನ ಬೆಡಗು. ಹೆಂಗಸಿಗೆ ಈಗಿರುವ ಮನೆಯ ಬೆಡಗು, ಹಿಂದಿನ ಮನೆಯದು ನೆನಪಿಗಷ್ಟೇ. ಈ ಸಲ ಅವಳು ಹಳೆಯ ಚಟವನ್ನು ಬಿಡಲಿಲ್ಲ. ಇದರಿಂದ ಬೇರೆ ಯಾರ ಚೀಟಿ ಬದಲಾಗುತ್ತದೆ ಎಂದು ಯಂತ್ರವನ್ನು ಕೇಳಿದಳು. ತನ್ನದೊಂದೇ ಬದಲಾಗುತ್ತದೆ ಎಂದುಕೊಂಡಿದ್ದಳು. ಪರದೆಯ ಮೇಲೆ ಹಲವು ಹೆಸರು ಬಂದವು, ಎಲ್ಲರೂ ಕೂಡಿಕೆಯಾದವರ ಮಕ್ಕಳು. ಅದರಲ್ಲಿ ಹಿರಿಯೂರು ಕಡೆಯ ಅನುಸೂಯ ಎಂಬ ಹುಡುಗಿಯೂ ಇದ್ದಳು. ಹಿಂದಿನ ಶ್ರಾವಣದಲ್ಲಿ ಅವಳ ಚೀಟಿಗೆ ‘ಅಡ್ಡಿ’ ಎಂದು ಒತ್ತಿ ಕೊಟ್ಟವಳು ಹೇಮಾವತಿಯೇ.

ಹೇಮಾವತಿ ಅನುಸೂಯಳ ತಾಯಿ ಏಕಾಂತಮ್ಮನಿಗೆ ಫೋನು ಮಾಡಿದಳು. ತಪ್ಪು ತನ್ನದೆಂದು ಹೇಳಿ, ಅಂದು ಯಾಕೆ ಒಂದು ಮಾತೂ ಕೇಳದೆ ಹೋದಿರಿ ಎಂದು ಕೇಳಿದಳು. ಏಕಾಂತಮ್ಮ, ಕೂಡಿಕೆಯವರ ಮಕ್ಕಳಿಗೆ ಹೀಗೇ ಇರಬೇಕು ಎಂದುಕೊಂಡೆ ಎಂದಳು. ಆ ಮಾತು ಕೇಳಿದ ಮೇಲೆ ಹೇಮಾವತಿಗೆ ಜನರ ಬಾಯಿಗೆ ಹೆದರುವುದು ಬಿಟ್ಟುಹೋಯಿತು. ಅಜ್ಜಪ್ಪನವರ ಬಳಿ ಹೋಗಿ, ಸಭೆ ಕರೆಯಿರಿ, ಎಲ್ಲರ ಮುಂದೆಯೇ ತೋರಿಸುತ್ತೇನೆ ಎಂದಳು.

ಸಭೆಗೆ ಜನ ಕಿಕ್ಕಿರಿದರು. ಒಂದು ಹುಡುಗಿ ತನ್ನ ಮದುವೆಗೆ ತಾನೇ ಕಾನೂನು ಬದಲಿಸುತ್ತಾಳಂತೆ ಎಂಬ ಸುದ್ದಿಗೆ ಸುತ್ತಲ ತಾಲೂಕುಗಳಿಂದ ಬಸ್ಸು ತುಂಬಿ ಬಂದಿತ್ತು. ಹಿಂದಿನ ಸಾಲಿನಿಂದ ಒಬ್ಬ, ಬೇಲಿ ಕಟ್ಟಿದವಳೇ ಸಂದು ಬಿಟ್ಟುಕೊಂಡರೆ ಹೇಗೆ ಎಂದ. ಹೇಮಾವತಿ ಸಿಟ್ಟಾಗಲಿಲ್ಲ. ತನ್ನ ಚೀಟಿ ಕೊನೆಗೆ ನೋಡೋಣ, ಮೊದಲು ನಿಮ್ಮ ಮನೆಯದನ್ನೇ ತೆಗೆಯುತ್ತೇನೆ ಎಂದು ಕರೆದಳು. ಅವನ ಮನೆಯದು, ಅವನ ಬೀಗರ ಮನೆಯದು, ಅಜ್ಜಪ್ಪನವರದು, ಎಲ್ಲವನ್ನೂ ಹಳೆಯ ನಿಯಮಕ್ಕೂ ಹೊಸ ನಿಯಮಕ್ಕೂ ಓಡಿಸಿ ತೋರಿಸಿದಳು. ಒಂದೂ ಬದಲಾಗಲಿಲ್ಲ. ಬದಲಾದದ್ದು ಕೂಡಿಕೆಯವರ ಮಕ್ಕಳದ್ದು ಮಾತ್ರ. ಏಕೆ ಎಂದು ಒಂದೊಂದೇ ಮೆಟ್ಟಿಲು ಹಿಂದೆ ಹೋಗಿ ಓದಿದಳು. ತನ್ನ ಅವ್ವನ ಹೆಸರು, ಗೊಲ್ಲಪ್ಪನ ಹೆಸರು ಎರಡನ್ನೂ ಗಟ್ಟಿಯಾಗಿ ಓದಿದಳು. ಹೆಂಗಸರ ಸಾಲಿನಲ್ಲಿ ಕೂತಿದ್ದ ರೇಣುಕಮ್ಮ ಈ ಸಲ ಎದ್ದು ಹೋಗಲಿಲ್ಲ.

ಜನಕ್ಕೆ ಅರ್ಥವಾಯಿತು. ಅಪ್ಪನ ಬೆಡಗು ಮಗುವಿಗೆ ಎನ್ನುವುದು ಯಾರಿಗೆ ಗೊತ್ತಿಲ್ಲ? ಆದರೂ ಹಿಂದಿನ ಸಾಲಿನವನು ಸೋಲಲಿಲ್ಲ. ಇವೆಲ್ಲ ಇವಳು ಮೊದಲೇ ನೋಡಿಟ್ಟುಕೊಂಡ ಹೆಸರು, ಇಂದೇ, ಈಗಲೇ ಹೊಸದೊಂದು ಹಾಕಿ ನೋಡಲಿ ಎಂದ. ಅಜ್ಜಪ್ಪನವರಿಗೂ ಅದು ನ್ಯಾಯ ಎನ್ನಿಸಿತು. ಇಲ್ಲಿವರೆಗೆ ಬರೆಸದೇ ಇರುವ ಕೂಡಿಕೆ ಯಾರದಾದರೂ ಇದೆಯೇ ಎಂದು ಸಭೆಯನ್ನು ಕೇಳಿದರು. ಯಾರು ಎದ್ದು ನಿಂತಾರು? ಹೆಂಗಸರು ನೆಲ ನೋಡಿದರು.

ದುರುಗೇಶನ ಪಕ್ಕದಲ್ಲಿ ಕೂತಿದ್ದ ಗಂಗಕ್ಕ ಕೋಲೂರಿ ಎದ್ದು ಕಂಪ್ಯೂಟರಿನ ಹತ್ತಿರ ಬಂದಳು. “ನಂದು ಬರಕಳವ್ವ,” ಎಂದಳು.

ನಿಮ್ಮದು ಆಗಲೇ ಇದೆಯಲ್ಲ ಅಜ್ಜಿ, ಮೊಮ್ಮಗ ಹತ್ತು ಸಲ ತಿದ್ದಿಸಿದ್ದಾನೆ ಎಂದಳು ಹೇಮಾವತಿ.

“ಅರ್ಧ ಐತೆ,” ಎಂದಳು ಗಂಗಕ್ಕ.

ದುರುಗೇಶ ಬಾಯಿ ತೆರೆದುಕೊಂಡು ನಿಂತ. ಅವನಿಗೆ ಗೊತ್ತಿರಲಿಲ್ಲ, ಅವನಪ್ಪನಿಗೂ ಗೊತ್ತಿತ್ತೋ ಇಲ್ಲವೋ. ಅವನ ತಾತನ ಕೈ ಹಿಡಿಯುವ ಮೊದಲು ಗಂಗಕ್ಕನಿಗೆ ಒಂದು ಮನೆ ಇತ್ತು. ಮೈನೆರೆದ ಮರುವರ್ಷ ಸೇರಿದ ಮನೆ. ಆ ಹುಡುಗ ಕುರಿ ಮೇಯಿಸಲು ಹೋದಲ್ಲಿ ಜ್ವರ ಬಂದು ತಿರುಗಿ ಬರಲಿಲ್ಲ. ಯಾವ ಬೆಡಗು ಎಂದು ಅಜ್ಜಪ್ಪನವರು ಕೇಳಿದರು. ಮೆಣಸು ಎಂದಳು ಗಂಗಕ್ಕ. ಸಭೆಯಲ್ಲಿ ಗುಜುಗುಜು ಎದ್ದಿತು. ಮೆಣಸು ಎಂದರೆ ಹೇಮಾವತಿಯ ಬೆಡಗು. ಗಂಗಕ್ಕ ತಿರುಗಿ ನೋಡಿದಳು, ಗುಜುಗುಜು ಅಡಗಿತು.

ಹೆಸರು ಬೇಕಲ್ಲ ಎಂದಳು ಹೇಮಾವತಿ. ಗಂಗಕ್ಕ ತಲೆ ಅಲ್ಲಾಡಿಸಿದಳು. ಅವಳ ಕಾಲದವರು ಗಂಡನ ಹೆಸರು ಬಾಯಲ್ಲಿ ಆಡುವುದಿಲ್ಲ. ತಾತನ ಹೆಸರನ್ನಾದರೆ ಮೊಮ್ಮಗ ಹೇಳಿದ್ದ; ಈ ಹೆಸರನ್ನು ಹೇಳಬಲ್ಲವರು ಅವಳ ಹೊರತು ಭೂಮಿಯ ಮೇಲೆ ಯಾರೂ ಉಳಿದಿರಲಿಲ್ಲ. ಆಗ ಅಜ್ಜಪ್ಪನವರ ಹೆಂಡತಿ ಬಸಮ್ಮ, ಒಡಪು ಹಾಕಿ ಹೇಳಕ್ಕ ಎಂದರು. ಮದುವೆಯ ಮನೆಗಳಲ್ಲಿ ಹೊಸ ಸೊಸೆಯರನ್ನು ಬಾಗಿಲಲ್ಲಿ ತಡೆದು ಗಂಡನ ಹೆಸರು ಹೇಳಿಸುವುದು ಹಾಗೆಯೇ, ಪದ್ಯದ ಒಳಗೆ ಅಡಗಿಸಿ. ಹೆಂಗಸರೆಲ್ಲ ಹೇಳಕ್ಕ ಹೇಳಕ್ಕ ಎಂದರು. ಗಂಗಕ್ಕ ಸೆರಗು ತಲೆಯ ಮೇಲೆ ಎಳೆದುಕೊಂಡಳು. ಎಂಬತ್ತರ ಹತ್ತಿರದ ಮುದುಕಿಯ ಮುಖ ಕೆಂಪಾದದ್ದನ್ನು ಎಲ್ಲರೂ ನೋಡಿದರು.

“ಹಟ್ಟಿ ಮುಂದೆ ಹಸಿ ಸೊಪ್ಪು, ಹೊಸಲಿಗೆ ಅರಿಶಿನ ಬೊಟ್ಟು, ಎಳೆ ಮರೀನ ಹೆಗಲಿಗೆ ಹೊತ್ತು ಬರೋರು ಮೂರ್ತಪ್ಪ.”

ಸಭೆ ಚಪ್ಪಾಳೆ ತಟ್ಟಿತು. ಹೇಮಾವತಿ ಕಣ್ಣೊರೆಸಿಕೊಂಡು ಟೈಪು ಮಾಡಿದಳು. ಮೊದಲು ಹಳೆಯ ನಿಯಮ ಓಡಿಸಿದಳು: ಈಗ ದುರುಗೇಶನಿಗೂ ಎರಡು ಬೆಡಗು ಬಂದು, ಇಬ್ಬರೂ ಎರಡು ಕಡೆಯಿಂದ ಅಣ್ಣತಂಗಿಯಾದರು. ಹಿಂದಿನ ಸಾಲಿನವನೂ ಸೇರಿ ಇಡೀ ಸಭೆ ನಕ್ಕಿತು. ಆಮೇಲೆ ಹೊಸದನ್ನು ಓಡಿಸಿದಳು. ದುರುಗೇಶ, ಜೀರಿಗೆ. ಹೇಮಾವತಿ, ಮೆಣಸು. ಅಡ್ಡಿ ಇಲ್ಲ. ಅಜ್ಜಪ್ಪನವರು ಆ ಚೀಟಿಯನ್ನು ಓದುವಾಗ ಯಂತ್ರದ ಬಗ್ಗೆ ಒಂದು ಮಾತೂ ಸೇರಿಸಲಿಲ್ಲ. ದುರುಗೇಶ ಮಾತ್ರ ನನ್ನ ಹೆಸರಿಗೆ ಈ ಸಲ ಎಲ್ಲ ಅಕ್ಷರ ಸರಿಯಾಗಿವೆ ಎಂದ.

ಜನ ಏಳತೊಡಗಿದರು. ಏಳದೆ ಉಳಿದವರು ಕೆಲವು ಹೆಂಗಸರು. ಏಕಾಂತಮ್ಮ ಮಗಳನ್ನು ಕರೆದುಕೊಂಡು ಬಂದು ಮೇಜಿನ ಪಕ್ಕ ನಿಂತಿದ್ದಳು. ಅವಳ ಹಿಂದೆ ಇನ್ನಿಬ್ಬರು, ತಮ್ಮದೂ ಅರ್ಧ ಇದೆ ಎಂದು ಮೆಲ್ಲಗೆ ಹೇಳಿ ಸರದಿಗೆ ಸೇರಿಕೊಂಡರು. ರೇಣುಕಮ್ಮ ಅವರಿಗೆ ಕುರ್ಚಿ ತಂದು ಹಾಕಿ, ಕುಂತ್ಕಳ್ರಿ, ನಿಧಾನಕ್ಕೆ ಬರಸ್ರಿ ಎಂದಳು.

ಗಂಗಕ್ಕ ಇನ್ನೂ ಕಂಪ್ಯೂಟರಿನ ಮುಂದಿನಿಂದ ಕದಲಿರಲಿಲ್ಲ. ಅವಳಿಗೆ ಓದು ಬರುವುದಿಲ್ಲ. ಅದರಲ್ಲಿ ಏನು ಬರೆದಿದೆ ಎಂದು ಕೇಳಿದಳು. ಗಂಗಕ್ಕ, ಹೆಂಡತಿ, ಮೂರ್ತಪ್ಪ ಎಂದು ಹೇಮಾವತಿ ಬೆರಳಿಟ್ಟು ಓದಿದಳು. ಗಂಗಕ್ಕ ಕೋಲಿನ ಮೇಲೆ ಎರಡೂ ಕೈ ಊರಿ, ಪರದೆಯ ಹತ್ತಿರಕ್ಕೆ ಬಗ್ಗಿದಳು.

“ಇನ್ನೊಂದ್ಸಲ ಓದವ್ವ,” ಎಂದಳು.